ಅಬೆಯೊಕುಟದ ಹಿರಿಯಕ್ಕ

ರಾಜಕಾರಣಿ ಎಂದೊಡನೆ ನಮ್ಮ ಮನಸ್ಸಿನ ಮುಂದೆ ನಿಲ್ಲುವವರು ಚುನಾವಣೆಯಲ್ಲಿ ಗೆದ್ದವರು, ಮಂತ್ರಿಪದವಿಯನ್ನು ಅಲಂಕರಿಸಿದವರು. ಅವರ ಜೀವನಚರಿತ್ರೆಯನ್ನು ಬರೆಯುವುದು ಸುಲಭ. ಏರಿದ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಿದರೆ ಸಾಕು. ಆದರೆ ಒಂದು ಚುನಾವಣೆಯನ್ನೂ ಗೆಲ್ಲದೆ ಒಬ್ಬ ಅರಸನನ್ನು ಗದ್ದುಗೆಯಿಂದ ಇಳಿಸಿದ ಹೆಂಗಸೊಬ್ಬಳ ಕಥೆಯನ್ನು ಯಾವ ಮಾನದಂಡದಿಂದ ಅಳೆಯಬೇಕು? ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶದ ಫುನ್ಮಿಲಾಯೊ ರಾನ್ಸಮ್ ಕೂಟಿಯವರ ಬದುಕು ನಮ್ಮೆದುರಿಗೆ ಇಡುವ ಪ್ರಶ್ನೆ ಇದು.

ಕನ್ನಡ ಸಾಹಿತ್ಯವನ್ನು ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಮಹಿಳೆಯ ಪರಿಚಯವಾದದ್ದು ಇತಿಹಾಸದ ಗ್ರಂಥದಿಂದಲ್ಲ, ಸಾಹಿತ್ಯಕೃತಿಯೊಂದರಿಂದ. 1986ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವೊಲೆ ಸೊಯಿಂಕಾ ತಮ್ಮ ಬಾಲ್ಯವನ್ನು ಕುರಿತು ಬರೆದ 'ಅಕೆ' ಎಂಬ ಪುಸ್ತಕ 1981ರಲ್ಲಿ ಪ್ರಕಟವಾಯಿತು. ಫುನ್ಮಿಲಾಯೊ ಅವರಿಗೆ ಬಂಧು. ಸೊಯಿಂಕಾರ ತಾಯಿಯೂ ಈಕೆಯ ಚಳವಳಿಯಲ್ಲಿ ಕೈಜೋಡಿಸಿದ್ದವರು. ಹೆಂಗಸರ ಸಭೆಗಳ ನಡುವೆ ಓಡಾಡುತ್ತಿದ್ದ ಹುಡುಗನೊಬ್ಬನ ಕಣ್ಣಿನಿಂದ ಕಂಡ ಆ ದಂಗೆಯ ಚಿತ್ರ ಅಲ್ಲಿದೆ. ಅದನ್ನು ಓದಿದ ಮೇಲೆ ಈಕೆ ಯಾರು, ಮುಂದೆ ಏನಾದರು ಎಂಬ ಕುತೂಹಲ ನನ್ನನ್ನು ಬಹಳ ದೂರ ಕರೆದೊಯ್ದಿತು.

ಮೊದಲು ಊರಿನ ಮಾತು. ಅಬೆಯೊಕುಟ ಎಂದರೆ ಯೊರುಬಾ ಭಾಷೆಯಲ್ಲಿ 'ಬಂಡೆಯ ಕೆಳಗೆ' ಎಂದರ್ಥ. 1830ರ ಸುಮಾರಿನಲ್ಲಿ ಯುದ್ಧಗಳಿಂದ ತತ್ತರಿಸಿದ ಎಗ್ಬ ಜನ ಓಲುಮೊ ಎಂಬ ಹೆಬ್ಬಂಡೆಯ ಆಶ್ರಯ ಪಡೆದು ಕಟ್ಟಿಕೊಂಡ ಪಟ್ಟಣವಿದು. ಇಲ್ಲಿಯ ಸಂತೆ ಹೆಂಗಸರದು. ನೀಲಿಯಲ್ಲಿ ಅದ್ದಿ ಚಿತ್ತಾರ ಮೂಡಿಸಿದ ಬಟ್ಟೆಗಳನ್ನು ಮಾಡಿ ಮಾರುವವರು ಹೆಂಗಸರು. ಅಕ್ಕಿ, ಗೆಣಸು, ತಾಳೆಎಣ್ಣೆಗಳ ವ್ಯಾಪಾರವೂ ಬಹುಪಾಲು ಅವರದೇ. ದುಡಿದ ಹಣ ಅವರ ಕೈಯಲ್ಲೇ ಇರುತ್ತಿತ್ತು. ಹಳೆಯ ಯೊರುಬಾ ಪಟ್ಟಣಗಳಲ್ಲಿ ಹೆಂಗಸರ ಪರವಾಗಿ ಮಾತನಾಡಲು 'ಇಯಲೋಡೆ' ಎಂಬ ಅಧಿಕಾರಪದವಿಯೇ ಇತ್ತು. 1864ರಲ್ಲಿ ಎಗ್ಬ ನಾಡಿನ ಮೊದಲ ಇಯಲೋಡೆಯಾದ ಟಿನುಬು ಎಂಬಾಕೆ, ದಹೋಮಿಯ ಸೈನ್ಯ ದಂಡೆತ್ತಿ ಬಂದಾಗ ತನ್ನ ಊರಿಗೆ ಮದ್ದುಗುಂಡುಗಳನ್ನು ಒದಗಿಸಿದ ಶ್ರೀಮಂತ ವರ್ತಕಿ. ಹೀಗೆ ಹೆಣ್ಣಿನ ಅಧಿಕಾರವೆಂಬುದು ಆ ಮಣ್ಣಿಗೆ ಹೊರಗಿನಿಂದ ಬಂದ ವಸ್ತುವಾಗಿರಲಿಲ್ಲ.

ಅದನ್ನು ಕಳಚಿ ಹಾಕಿದ್ದು ಬ್ರಿಟಿಷರ ಆಡಳಿತ. 1914ರಲ್ಲಿ ಎಗ್ಬ ಜನರ ಸ್ವತಂತ್ರ ಸರ್ಕಾರ ಕೊನೆಗೊಂಡಿತು. ಆ ಬಳಿಕ ನೆಲೆಗೊಂಡದ್ದು ಪರೋಕ್ಷ ಆಡಳಿತವೆಂಬ ವ್ಯವಸ್ಥೆ. ಊರಿನ ಅರಸ, ಅಂದರೆ ಅಲಾಕೆ, ಹೆಸರಿಗೆ ಆಳುವವನು. ಅವನ ಹಿಂದೆ ನಿಂತವರು ಬ್ರಿಟಿಷ್ ಅಧಿಕಾರಿಗಳು. ಹಿಂದೆ ಹಿರಿಯರ ಸಭೆಗಳು ಅರಸನನ್ನು ಹಿಡಿತದಲ್ಲಿಟ್ಟುಕೊಳ್ಳುತ್ತಿದ್ದವು. ಈಗ ಅವನೇ ಏಕೈಕ ಅಧಿಕಾರಿ. ಇಯಲೋಡೆಯನ್ನು ಕೇಳುವವರೇ ಇಲ್ಲದಾಯಿತು. 1918ರಲ್ಲಿ ಜಾರಿಗೆ ಬಂದ ನೇರ ತೆರಿಗೆ ಮಾತ್ರ ಹೆಂಗಸರನ್ನು ಮರೆಯಲಿಲ್ಲ. ಹುಡುಗರಿಗೆ ತೆರಿಗೆ 16ನೆಯ ವಯಸ್ಸಿಗೆ ಬಿದ್ದರೆ ಹುಡುಗಿಯರಿಗೆ 15ಕ್ಕೇ ಬೀಳುತ್ತಿತ್ತು. ಹೆಂಡತಿ ಗಂಡನಿಂದ ಬೇರೆಯಾಗಿ ತೆರಿಗೆ ಕಟ್ಟಬೇಕಿತ್ತು. ಆಳುವ ಸಭೆಯಲ್ಲಿ ಸ್ಥಾನವಿಲ್ಲ, ಬೊಕ್ಕಸ ತುಂಬುವ ಹೊಣೆಯಲ್ಲಿ ಮಾತ್ರ ಪಾಲು!

ಇಂಥ ಊರಿನಲ್ಲಿ 1900ರ ಅಕ್ಟೋಬರ್ 25ರಂದು ಫ್ರಾನ್ಸಿಸ್ ಅಬಿಗೇಲ್ ಓಲುಫುನ್ಮಿಲಾಯೊ ಥಾಮಸ್ ಹುಟ್ಟಿದಳು. ಆಕೆಯ ತಂದೆಯ ಪೂರ್ವಿಕರು ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಸಿಯೆರಾ ಲಿಯೋನಿನಿಂದ ತಾಯ್ನಾಡಿಗೆ ಮರಳಿದವರು. ಕ್ರೈಸ್ತರು, ಅಕ್ಷರವಂತರು. 1914ರಲ್ಲಿ ಅಬೆಯೊಕುಟದ ಗ್ರಾಮರ್ ಸ್ಕೂಲು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಾಗ ಒಳಗೆ ಕಾಲಿಟ್ಟ ಮೊದಲ ಕೆಲವು ವಿದ್ಯಾರ್ಥಿನಿಯರಲ್ಲಿ ಈಕೆಯೂ ಒಬ್ಬಳು. 1919ರಲ್ಲಿ ಇಂಗ್ಲೆಂಡಿಗೆ ಹೋಗಿ ಚೆಷೈರಿನ ಶಾಲೆಯೊಂದರಲ್ಲಿ ಸಂಗೀತ, ಫ್ರೆಂಚ್ ಭಾಷೆ, ಹೊಲಿಗೆ ಮೊದಲಾದುವನ್ನು ಕಲಿತಳು. ಆ ಕಾಲದ ಎಣಿಕೆಯಲ್ಲಿ ಇದು ಒಬ್ಬ ಸುಸಂಸ್ಕೃತ ಗೃಹಿಣಿಯನ್ನು ಸಿದ್ಧಪಡಿಸುವ ಶಿಕ್ಷಣ. ಆದರೆ ಬಿಳಿಯರ ನಡುವೆ ಕಪ್ಪು ಹುಡುಗಿಯಾಗಿ ಬಾಳುವುದು ಬೇರೊಂದು ಪಾಠವನ್ನೂ ಕಲಿಸಿತು. 1922ರಲ್ಲಿ ಊರಿಗೆ ಹಿಂದಿರುಗುವ ಹೊತ್ತಿಗೆ ಆಕೆ ಫ್ರಾನ್ಸಿಸ್ ಎಂಬ ಹೆಸರನ್ನೂ ಅಬಿಗೇಲ್ ಎಂಬ ಹೆಸರನ್ನೂ ಬಿಟ್ಟುಬಿಟ್ಟಿದ್ದಳು. ಅಂದಿನಿಂದ ಆಕೆ ಫುನ್ಮಿಲಾಯೊ.

1925ರಲ್ಲಿ ಇಸ್ರೇಲ್ ರಾನ್ಸಮ್ ಕೂಟಿಯವರೊಡನೆ ಮದುವೆಯಾಯಿತು. ಅವರು ಪಾದ್ರಿ, ಶಿಕ್ಷಕ, ನೈಜೀರಿಯಾದ ಉಪಾಧ್ಯಾಯರ ಸಂಘದ ಮೊದಲ ಅಧ್ಯಕ್ಷ. 1932ರಲ್ಲಿ ಅವರು ತಾವಿಬ್ಬರೂ ಓದಿದ ಶಾಲೆಗೇ ಮುಖ್ಯೋಪಾಧ್ಯಾಯರಾಗಿ ಬಂದರು. ಅದೇ ವರ್ಷ ಫುನ್ಮಿಲಾಯೊ ಊರಿನ ವಿದ್ಯಾವಂತ ಕ್ರೈಸ್ತ ಗೃಹಿಣಿಯರನ್ನು ಸೇರಿಸಿ ಒಂದು ಮಹಿಳಾ ಕ್ಲಬ್ಬನ್ನು ಕಟ್ಟಿದರು. ಹೊಲಿಗೆ, ಅಡುಗೆ, ಶಿಷ್ಟಾಚಾರ, ಒಂದಿಷ್ಟು ದಾನಧರ್ಮ ಇವೇ ಅದರ ಕಾರ್ಯಕ್ರಮ. ಇಂಥ ಸಮಾಜಗಳನ್ನು ನಾವೂ ಬಲ್ಲೆವು. ಅವುಗಳಿಂದ ಯಾವ ಅರಸನ ನಿದ್ದೆಯೂ ಕೆಡುವುದಿಲ್ಲ.

1944ರಲ್ಲಿ ಈ ಕ್ಲಬ್ಬಿನ ಚರಿತ್ರೆಗೆ ತಿರುವು ಕೊಟ್ಟವಳು ಸಂತೆಯಲ್ಲಿ ವ್ಯಾಪಾರ ಮಾಡುವ ಒಬ್ಬ ಹೆಂಗಸು. ತನಗೆ ಓದಲು ಕಲಿಯಬೇಕೆಂಬ ಆಸೆಯಿದೆ ಎಂದು ಆಕೆ ಫುನ್ಮಿಲಾಯೊ ಅವರ ಹಳೆಯ ಶಿಷ್ಯರೊಬ್ಬರ ಮೂಲಕ ಬಂದು ಕೇಳಿಕೊಂಡಳು. ಒಬ್ಬಳು ಬಂದ ಮೇಲೆ ಹಲವರು ಬಂದರು. ಅಕ್ಷರ ಕಲಿಯಲು ಬಂದವರು ಸುಮ್ಮನೆ ಅಕ್ಷರ ತಿದ್ದಿ ಹೋಗಲಿಲ್ಲ. ತಮ್ಮ ಬದುಕಿನ ಗೋಳನ್ನೂ ಹೇಳಿಕೊಂಡರು. ಯುದ್ಧಕಾಲದ ನಿಯಂತ್ರಣದ ಹೆಸರಿನಲ್ಲಿ ಅಧಿಕಾರಿಗಳು ತಮ್ಮ ಅಕ್ಕಿಯನ್ನು ಕಿತ್ತುಕೊಂಡು ಹೋಗುವ ಬಗೆ, ತೆರಿಗೆಯ ವಸೂಲಿಗೆ ಬಂದವರು ಕೊಡುವ ಕಾಟ ಎಲ್ಲವೂ ಆ ಪಾಠಶಾಲೆಯಲ್ಲಿ ಹೊರಬಂದವು. ಓದು ಕಲಿಸಲು ಕುಳಿತ ಉಪಾಧ್ಯಾಯಿನಿ ತಾನೇ ವಿದ್ಯಾರ್ಥಿನಿಯಾದರು. ಅಕ್ಕಿಯ ವಿಷಯವನ್ನು ಮೊದಲು ಅಧಿಕಾರಿಗಳ ಮುಂದಿಟ್ಟರು, ಫಲ ಕಾಣಲಿಲ್ಲ. ಪತ್ರಿಕೆಯಲ್ಲಿ ಸುದ್ದಿಯಾದ ಮೇಲೆ ಜಪ್ತಿ ನಿಂತಿತು. ಬರೆದ ಮಾತಿಗೆ ಇರುವ ಬಲವೇನೆಂಬುದನ್ನು ಆ ಹೆಂಗಸರು ತಮ್ಮ ಅಕ್ಕಿಯ ಮೂಟೆಯಿಂದಲೇ ಅರಿತುಕೊಂಡರು.

1946ರಲ್ಲಿ ಕ್ಲಬ್ಬಿನ ಹೆಸರು ಹೋಗಿ 'ಅಬೆಯೊಕುಟ ಮಹಿಳಾ ಒಕ್ಕೂಟ' ಎಂದಾಯಿತು. ಈ ಹೆಸರಿನ ಬದಲಾವಣೆಯಲ್ಲಿಯೇ ಒಂದು ಸಾಮಾಜಿಕ ಕ್ರಾಂತಿಯಿದೆ. ಗೌನು ತೊಟ್ಟ ಗೃಹಿಣಿಯರೂ ತಲೆಯ ಮೇಲೆ ಬುಟ್ಟಿ ಹೊತ್ತ ವ್ಯಾಪಾರಿಗಳೂ ಒಂದೇ ಸಭೆಯಲ್ಲಿ ಕುಳಿತರು. ಅವರ ನಡುವೆ ಭೇದ ಕಾಣಬಾರದೆಂದು ಫುನ್ಮಿಲಾಯೊ ಪಾಶ್ಚಾತ್ಯ ಉಡುಪನ್ನು ತೊರೆದು ಯೊರುಬಾ ಹೆಂಗಸರ ಸುತ್ತುಬಟ್ಟೆಯನ್ನೇ ಉಡತೊಡಗಿದರು. ಇದಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಭಾಷೆಯ ವಿಷಯದಲ್ಲಿ ಅವರು ತಳೆದ ನಿಲುವು. ಇಂಗ್ಲೆಂಡಿನಲ್ಲಿ ಓದಿ ಬಂದ ಈಕೆ ಸಾರ್ವಜನಿಕ ಸಭೆಗಳಲ್ಲಿ ಯೊರುಬಾದಲ್ಲಿಯೇ ಮಾತನಾಡುತ್ತಿದ್ದರು. ಬ್ರಿಟಿಷ್ ಅಧಿಕಾರಿಗಳಿಗೆ ಅರ್ಥವಾಗಬೇಕಾದರೆ ಅವರೇ ದುಭಾಷಿಗಳನ್ನು ಹುಡುಕಿಕೊಳ್ಳಬೇಕಿತ್ತು. ದೊರೆಗಳ ಭಾಷೆ ಬಾರದ ಕಾರಣಕ್ಕೆ ತಲೆತಗ್ಗಿಸಿ ನಿಲ್ಲುತ್ತಿದ್ದ ಸಾವಿರಾರು ಹೆಂಗಸರ ಮುಂದೆ, ಈಗ ದೊರೆಗಳೇ ಭಾಷೆ ಬಾರದವರಾಗಿ ನಿಲ್ಲಬೇಕಾಯಿತು. ಜನಭಾಷೆಯ ಶಕ್ತಿಯನ್ನು ಕುರಿತು ನಾವು ಎಷ್ಟೋ ಭಾಷಣಗಳನ್ನು ಕೇಳಿದ್ದೇವೆ. ಅದನ್ನು ಇಷ್ಟು ಸರಳವಾಗಿ ಆಚರಣೆಗೆ ತಂದವರು ವಿರಳ.

ಹೆಂಗಸರ ಬೇಡಿಕೆ ಸ್ಪಷ್ಟವಾಗಿತ್ತು. ಸ್ತ್ರೀಯರ ಮೇಲಿನ ತೆರಿಗೆಯನ್ನು ರದ್ದುಪಡಿಸಬೇಕು. ಬದಲಿಗೆ ಊರಿನಲ್ಲಿ ಲಾಭ ಗಳಿಸುವ ವಿದೇಶೀ ಕಂಪನಿಗಳ ಮೇಲೆ ತೆರಿಗೆ ಹಾಕಬೇಕು. ಆಡಳಿತ ಸಭೆಯಲ್ಲಿ ತಮಗೂ ಸ್ಥಾನವಿರಬೇಕು. ಅರ್ಜಿಗಳು ವ್ಯರ್ಥವಾದಾಗ ಹಲವರು ತೆರಿಗೆ ನಿರಾಕರಿಸಿ ಜೈಲು ಸೇರಿದರು. ಮೆರವಣಿಗೆಗೆ ಅನುಮತಿ ಕೊಡುವುದಿಲ್ಲ ಎಂದಾಗ ಫುನ್ಮಿಲಾಯೊ, 'ಇದು ಮೆರವಣಿಗೆಯಲ್ಲ, ಹಬ್ಬ. ವನಭೋಜನ' ಎಂದು ಹೇಳಿ ಜನರನ್ನು ಸೇರಿಸಿದರು. 1947ರ ನವೆಂಬರ್ ಕೊನೆಯಲ್ಲಿ ಸುಮಾರು 10,000 ಹೆಂಗಸರು ಸಂತೆ ಮುಚ್ಚಿ ಅರಮನೆಯ ಮುಂದೆ ಬಂದು ಕುಳಿತರು. ರಾತ್ರಿಯಿಡೀ ಕದಲಲಿಲ್ಲ. ಅಲಾಕೆಯನ್ನು ಹೀಗಳೆಯುವ ಹಾಡುಗಳನ್ನು ಕಟ್ಟಿ ಹಾಡಿದರು. ಡಿಸೆಂಬರಿನಲ್ಲಿ ಮತ್ತೊಮ್ಮೆ ಹಾಗೆಯೇ ಮುತ್ತಿಗೆ ಹಾಕಿದರು. ಪೊಲೀಸರು ಅಶ್ರುವಾಯು ಸಿಡಿಸಿದರೆ ಕಣ್ಣುಗಳನ್ನು ಕಾಪಾಡಿಕೊಳ್ಳುವುದು ಹೇಗೆ, ಬಿದ್ದ ಡಬ್ಬಿಯನ್ನು ಎತ್ತಿ ತಿರುಗಿ ಎಸೆಯುವುದು ಹೇಗೆ ಎಂಬುದನ್ನು ಮೊದಲೇ ಅಭ್ಯಾಸ ಮಾಡಿಸಿದ್ದರಂತೆ! ಊರಿನ ಹೆಂಗಸರು ಅವರನ್ನು ಕರೆಯುತ್ತಿದ್ದುದು 'ಬೆರೆ' ಎಂದು. ಮನೆಯ ಚೊಚ್ಚಲ ಹೆಣ್ಣುಮಗಳಿಗೆ ಸಲ್ಲುವ ಮಾತದು. ನಾವಾದರೆ ಹಿರಿಯಕ್ಕ ಎನ್ನುತ್ತಿದ್ದೆವು.

ಅಲಾಕೆಯ ಪಕ್ಷದವರು ಕೊನೆಗೆ ಸಂಪ್ರದಾಯದ ಅಸ್ತ್ರವನ್ನು ಹೊರತೆಗೆದರು. 'ಒರೊ' ಎಂಬುದು ಗಂಡಸರ ಗುಪ್ತಪೂಜೆ. ಒರೊ ಬೀದಿಗಿಳಿದರೆ ಹೆಂಗಸರು ಬಾಗಿಲು ಹಾಕಿಕೊಂಡು ಒಳಗಿರಬೇಕು. ನೋಡಿದವಳಿಗೆ ಕೇಡು ತಪ್ಪದೆಂಬ ನಂಬಿಕೆ. ಹೆಂಗಸರನ್ನು ಚದುರಿಸಲು ಒರೊವನ್ನು ಹೊರಡಿಸಿದಾಗ ಫುನ್ಮಿಲಾಯೊ ಮುನ್ನುಗ್ಗಿ ಅದರ ಕೋಲನ್ನೇ ಕಿತ್ತುಕೊಂಡರು; ಎಲ್ಲರಿಗೂ ಕಾಣುವಂತೆ ಮೇಲೆತ್ತಿ ತೋರಿಸಿ, ಅನಂತರ ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಭಯ ಅಲ್ಲಿಗೆ ಮುರಿಯಿತು. 1948ರ ಜುಲೈ 29ರಂದು ಅಲಾಕೆ ಎರಡನೆಯ ಅಡೆಮೊಲ ಊರು ಬಿಟ್ಟು ಹೋದರು. 1949ರ ಜನವರಿ 3ರಂದು ಪದತ್ಯಾಗ ಮಾಡಿದರು. ಹೆಂಗಸರ ತೆರಿಗೆ ನಿಂತಿತು. ಹೊಸ ಮಧ್ಯಂತರ ಸಭೆಯಲ್ಲಿ ನಾಲ್ವರು ಸ್ತ್ರೀಯರು ಕುಳಿತರು, ಫುನ್ಮಿಲಾಯೊ ಅವರಲ್ಲೊಬ್ಬರು. ಗೆಲುವು ಪೂರ್ಣವಾಗಿ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. 1950ರ ಡಿಸೆಂಬರಿನಲ್ಲಿ ಅದೇ ಅಲಾಕೆ ಮರಳಿ ಬಂದು ಗದ್ದುಗೆಯೇರಿದರು. ಆದರೆ ಒಮ್ಮೆ ಓಡಿಹೋದ ಅರಸನನ್ನು ಜನ ಮೊದಲಿನ ಕಣ್ಣಿನಿಂದ ಕಾಣುವುದುಂಟೆ?

ಈ ನಡುವೆಯೇ ಅವರು ರಾಷ್ಟ್ರದ ರಾಜಕೀಯಕ್ಕೆ ಕಾಲಿಟ್ಟಿದ್ದರು. ನ್ಯಾಮ್ಡಿ ಅಜಿಕಿವೆಯವರ ನೇತೃತ್ವದ ರಾಷ್ಟ್ರೀಯ ಪಕ್ಷ, ಬ್ರಿಟಿಷ್ ಗವರ್ನರ್ ರಿಚರ್ಡ್ಸ್ ಹೇರಿದ ಸಂವಿಧಾನವನ್ನು ಪ್ರತಿಭಟಿಸಲು 1947ರಲ್ಲಿ ಏಳು ಜನರ ನಿಯೋಗವನ್ನು ಲಂಡನ್ನಿಗೆ ಕಳುಹಿಸಿತು. ಅದರಲ್ಲಿದ್ದ ಏಕೈಕ ಮಹಿಳೆ ಫುನ್ಮಿಲಾಯೊ. ಆ ಆಗಸ್ಟ್ ತಿಂಗಳು ನಮಗೆ ಮರೆಯಲಾಗದ್ದು. ಭಾರತ ಸ್ವತಂತ್ರವಾದ ಆ ದಿನಗಳಲ್ಲೇ ನೈಜೀರಿಯಾದ ನಿಯೋಗ ಲಂಡನ್ನಿನಲ್ಲಿ ವಸಾಹತು ಮಂತ್ರಿಯೆದುರು ಕುಳಿತಿತ್ತು, ಬರಿಗೈಯಲ್ಲಿ ಹಿಂದಿರುಗಿತು. ಫುನ್ಮಿಲಾಯೊ ಮಾತ್ರ ಅಲ್ಲಿಯ 'ಡೈಲಿ ವರ್ಕರ್' ಪತ್ರಿಕೆಗೆ ಒಂದು ಲೇಖನ ಬರೆದರು. ಬ್ರಿಟಿಷರು ಬರುವ ಮುನ್ನ ನಮ್ಮ ಹೆಂಗಸರಿಗೆ ಆಸ್ತಿಯಿತ್ತು, ವ್ಯಾಪಾರವಿತ್ತು, ಆಡಳಿತದಲ್ಲಿ ಮಾತಿತ್ತು. ನೀವು ಬಂದು ಅವನ್ನು ಕಳೆದಿರಿ ಎಂಬುದು ಅದರ ತಿರುಳು. ಆಫ್ರಿಕದ ಹೆಣ್ಣನ್ನು ಉದ್ಧರಿಸಿದೆವೆಂದು ನಂಬಿದ್ದವರಿಗೆ ಇದು ಕಹಿಯಾಗಿದ್ದರೆ ಆಶ್ಚರ್ಯವಿಲ್ಲ. ಅಬೆಯೊಕುಟದಲ್ಲೂ ಅಲಾಕೆಯ ಪಕ್ಷದವರು ಈ ಲೇಖನ ಊರಿನ ಮಾನ ಕಳೆಯಿತೆಂದು ಕೂಗಾಡಿದರು.

1949ರಲ್ಲಿ ಊರಿನ ಒಕ್ಕೂಟ ನೈಜೀರಿಯಾ ಮಹಿಳಾ ಒಕ್ಕೂಟವಾಗಿ ಬೆಳೆಯಿತು. 1953ರ ಆಗಸ್ಟಿನಲ್ಲಿ ದೇಶದ 15 ಪ್ರಾಂತಗಳಿಂದ ಸುಮಾರು 400 ಪ್ರತಿನಿಧಿಗಳು ಅಬೆಯೊಕುಟಕ್ಕೆ ಬಂದು ಸಭೆ ಸೇರಿದರು. ಅವರ ಮುಖ್ಯ ಬೇಡಿಕೆ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು. ಇಲ್ಲಿ ಚರಿತ್ರೆಯ ಒಂದು ಕ್ರೂರ ಹಾಸ್ಯವನ್ನು ಗಮನಿಸಬೇಕು. 1954ರ ಚುನಾವಣೆಯಲ್ಲಿ ಪಶ್ಚಿಮ ಪ್ರಾಂತದಲ್ಲಿ ಮತ ಹಾಕುವ ಹಕ್ಕು ತೆರಿಗೆ ಕಟ್ಟುವವರಿಗೆ ಮಾತ್ರ ದೊರೆಯಿತು. ದನಿಯಿಲ್ಲದ ಮೇಲೆ ತೆರಿಗೆಯೇಕೆ ಎಂದು ಹೋರಾಡಿ ಗೆದ್ದ ಹೆಂಗಸರಿಗೆ, ಈಗ ತೆರಿಗೆ ಕಟ್ಟದವರಿಗೆ ದನಿಯಿಲ್ಲ ಎಂಬ ಉತ್ತರ ಬಂದಿತು! ಪೂರ್ವ ಪ್ರಾಂತದ ಸ್ತ್ರೀಯರು ಆ ವರ್ಷವೇ ಮತ ಹಾಕಿದರು; ಉತ್ತರ ಪ್ರಾಂತದ ಸ್ತ್ರೀಯರಾದರೋ 1976ರವರೆಗೆ ಕಾಯಬೇಕಾಯಿತು.

ತಮ್ಮ ಪಕ್ಷವೂ ಅವರನ್ನು ಉದಾರವಾಗಿ ನಡೆಸಿಕೊಳ್ಳಲಿಲ್ಲ. 1951ರ ಪ್ರಾಂತೀಯ ಚುನಾವಣೆಯಲ್ಲಿ ಅವರು ಸೋತರು. 1959ರಲ್ಲಿ, ಸ್ವಾತಂತ್ರ್ಯ ಹೊಸ್ತಿಲಲ್ಲಿ ನಿಂತಿದ್ದಾಗ, ಕೇಂದ್ರ ಸಂಸತ್ತಿಗೆ ಸ್ಪರ್ಧಿಸಲು ಪಕ್ಷದ ಅಭ್ಯರ್ಥಿತನ ಕೇಳಿದರು, ಪಕ್ಷ ನಿರಾಕರಿಸಿತು. ಸಭೆಗೆ ಜನರನ್ನು ಸೇರಿಸಲು, ಹಣ ಕೂಡಿಸಲು, ಮನೆಮನೆಗೆ ಹೋಗಲು ಹೆಂಗಸರು ಬೇಕು. ಸಂಸತ್ತಿನ ಪೀಠಕ್ಕೆ ಬೇಡ. ಅವರು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಮತಗಳು ಒಡೆದು ಎದುರು ಪಕ್ಷ ಗೆದ್ದಿತು. ಪಕ್ಷದಿಂದ ಉಚ್ಚಾಟನೆಯಾಯಿತು. ಸಾಮಾನ್ಯ ಜನರ ಹೆಸರಿನಲ್ಲಿ ಅವರೇ ಒಂದು ಪಕ್ಷ ಕಟ್ಟಿದರು. ಅದು ಹೆಚ್ಚು ದಿನ ಬಾಳಲಿಲ್ಲ. ಅವರ ಹಟದಿಂದ ಪಕ್ಷಕ್ಕೆ ನಷ್ಟವಾಯಿತು ಎನ್ನುವವರುಂಟು. ಲೆಕ್ಕದ ದೃಷ್ಟಿಯಿಂದ ಆ ಮಾತು ಸುಳ್ಳಲ್ಲ. ಆದರೆ 10,000 ಜನರನ್ನು ಅರಮನೆಯ ಮುಂದೆ ಕೂಡಿಸಬಲ್ಲ ನಾಯಕಿಗೆ ಒಂದು ಸ್ಥಾನವನ್ನು ಕೊಡಲು ಒಲ್ಲದ ಪಕ್ಷ ತಾನೇ ಏನನ್ನು ಕಳೆದುಕೊಂಡಿತೆಂಬ ಲೆಕ್ಕವನ್ನೂ ಮಾಡಬೇಕಲ್ಲವೆ?

ಈ ಹೊತ್ತಿಗೆ ಅವರ ಮೇಲೆ ಇನ್ನೊಂದು ಸಂಶಯದ ನೆರಳೂ ಬಿದ್ದಿತ್ತು. 1956ರಲ್ಲಿ ಅವರು ಚೀನಾಕ್ಕೆ ಹೋಗಿ ಬಂದಿದ್ದರು. ಎಡಪಂಥೀಯ ಒಲವಿನ ಅಂತರರಾಷ್ಟ್ರೀಯ ಮಹಿಳಾ ಒಕ್ಕೂಟದಲ್ಲಿ ಉಪಾಧ್ಯಕ್ಷೆಯಾಗಿದ್ದರು. ದೇಶದ ಹೆಂಗಸರಿಗೆ ಕಮ್ಯುನಿಸ್ಟ್ ವಿಚಾರಗಳನ್ನು ಹಚ್ಚುತ್ತಾರೆಂಬ ಭಯದಿಂದ 1957ರಲ್ಲಿ ಸರ್ಕಾರ ಅವರ ಪಾಸ್‌ಪೋರ್ಟನ್ನು ನವೀಕರಿಸಲು ಒಪ್ಪಲಿಲ್ಲ. ಆ ಪ್ರಧಾನಮಂತ್ರಿ ಬ್ರಿಟಿಷನಲ್ಲ. ನೈಜೀರಿಯಾದವರೇ ಆದ ತಫಾವ ಬಲೇವ. 1955ರಲ್ಲಿ ಪತಿ ತೀರಿಕೊಂಡಿದ್ದರು. 1960ರ ಅಕ್ಟೋಬರ್ 1ರಂದು ದೇಶ ಸ್ವತಂತ್ರವಾದಾಗ, ಅದಕ್ಕಾಗಿ ಲಂಡನ್ನಿನವರೆಗೆ ಹೋಗಿ ವಾದಿಸಿದ್ದ ಈಕೆ ಸಂಸತ್ತಿನ ಹೊರಗೆ ನಿಂತಿದ್ದರು.

ಆಮೇಲೆ ಗೌರವಗಳೇನೋ ಬಂದವು. 1968ರಲ್ಲಿ ಇಬಾದಾನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1970ರಲ್ಲಿ ಲೆನಿನ್ ಶಾಂತಿ ಪಾರಿತೋಷಕ ದೊರೆಯಿತು. ಆದರೆ ಅವರ ಕೊನೆ ಅರಮನೆಯ ಮುಂದಿನ ಆ ರಾತ್ರಿಗಳಿಗಿಂತ ಭೀಕರವಾದದ್ದು. ಮಗ ಫೆಲಾ ಪ್ರಖ್ಯಾತ ಸಂಗೀತಗಾರ. ಸೈನಿಕರ ಕುರುಡು ವಿಧೇಯತೆಯನ್ನು ತನ್ನ ಹಾಡಿನಲ್ಲಿ ಲೇವಡಿ ಮಾಡಿದವನು. 1977ರ ಫೆಬ್ರುವರಿ 18ರಂದು ನೂರಾರು ಸೈನಿಕರು ಲಾಗೋಸಿನಲ್ಲಿದ್ದ ಆತನ ಮನೆಗೆ ನುಗ್ಗಿ, ಸಿಕ್ಕವರನ್ನು ಬಡಿದು, ಮನೆಗೆ ಬೆಂಕಿಯಿಟ್ಟರು. ಆಗ 76 ವರ್ಷದ ಆ ತಾಯಿಯನ್ನು ಮಹಡಿಯ ಕಿಟಕಿಯಿಂದ ಹೊರಕ್ಕೆ ಎಸೆದರು. ಆ ಪೆಟ್ಟಿನಿಂದ ಚೇತರಿಸಿಕೊಳ್ಳದೆ 1978ರ ಏಪ್ರಿಲ್ 13ರಂದು ಅವರು ಕಣ್ಮುಚ್ಚಿದರು. ಸರ್ಕಾರದ ವಿಚಾರಣೆ ಈ ಕೃತ್ಯದ ಹೊಣೆಯನ್ನು 'ಅಜ್ಞಾತ ಸೈನಿಕ'ನ ತಲೆಗೆ ಕಟ್ಟಿ ಕೈತೊಳೆದುಕೊಂಡಿತು. ಆಗ ದೇಶವನ್ನು ಆಳುತ್ತಿದ್ದ ಸೇನಾನಿ ಒಬಸಾಂಜೊ ಅಬೆಯೊಕುಟದ ಸೀಮೆಯವರೇ. ಮಗ ಒಂದು ಶವಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಅವರ ಸೈನಿಕ ನಿವಾಸದ ಬಾಗಿಲಲ್ಲಿ ಇಟ್ಟು ಬಂದನು. ಅಬೆಯೊಕುಟದ ಹೆಂಗಸರು ಹಿರಿಯಕ್ಕನಿಗಾಗಿ ತಮ್ಮ ಸಂತೆಯನ್ನು ಮುಚ್ಚಿದರು. ಅವರಿಗೆ ಗೊತ್ತಿದ್ದ ಶೋಕಾಚರಣೆಯೂ ಅದೇ, ಪ್ರತಿಭಟನೆಯೂ ಅದೇ.

2012ರಲ್ಲಿ ನೈಜೀರಿಯಾದ ಕೇಂದ್ರ ಬ್ಯಾಂಕು 5,000 ನೈರಾ ಬೆಲೆಯ ಹೊಸ ನೋಟೊಂದನ್ನು ಹೊರತರುವುದಾಗಿ ಪ್ರಕಟಿಸಿತು. ಅದರ ಮೇಲೆ ಮೂವರು ಮಹಿಳೆಯರ ಚಿತ್ರಗಳು: ಪೂರ್ವದಿಂದ ಆಬಾ ಪಟ್ಟಣದ ಸಂತೆಯ ಹೆಂಗಸರನ್ನು ಸಂಘಟಿಸಿದ ಮಾರ್ಗರೆಟ್ ಎಕ್ಪೊ, ಉತ್ತರದಿಂದ ಮತ್ತೆ ಮತ್ತೆ ಜೈಲು ಕಂಡ ಗಾಂಬೊ ಸವಾಬ, ಪಶ್ಚಿಮದಿಂದ ಫುನ್ಮಿಲಾಯೊ. ಬೆಲೆಯೇರಿಕೆಯ ಅಂಜಿಕೆಯಿಂದ ಜನ ಆ ನೋಟನ್ನು ವಿರೋಧಿಸಿದರು. ಅದು ಅಚ್ಚಾಗಲೇ ಇಲ್ಲ. ಫುನ್ಮಿಲಾಯೊ ಅವರಿಗೆ ಇದರಿಂದ ಬೇಸರವಾಗುತ್ತಿತ್ತೆಂದು ನನಗೆ ತೋರುವುದಿಲ್ಲ. ಸಂತೆಯಲ್ಲಿ ಕುಳಿತ ಬಡ ವ್ಯಾಪಾರಿಗೆ ಚಿಲ್ಲರೆ ಸಿಕ್ಕದಂಥ ದೊಡ್ಡ ನೋಟಿನ ಮೇಲೆ ಕಾಣಿಸಿಕೊಳ್ಳುವುದು ಅವರ ಬದುಕಿನ ರೀತಿಗೆ ಒಪ್ಪುವಂಥದಲ್ಲ.

ಹಾಗಾದರೆ ಅವರು ಗೆದ್ದರೋ ಸೋತರೋ? ಪೀಠಗಳನ್ನು ಎಣಿಸಿದರೆ ಸೋತರು. ಗ್ರಾಮರ್ ಸ್ಕೂಲಿನಲ್ಲಿ ಕಲಿತವಳೊಬ್ಬಳು ತನ್ನ ವಿದ್ಯೆಯನ್ನು ಏಣಿಯಾಗಿಸಿಕೊಂಡು ಮೇಲೇರದೆ, ಅದನ್ನು ಸಂತೆಯ ನಡುವೆ ಇಳಿಸಿ ಎಲ್ಲರೊಡನೆ ಹಂಚಿಕೊಂಡರೆ ಏನಾಗಬಹುದು ಎಂಬುದನ್ನು ತೋರಿಸಿಕೊಟ್ಟ ದೃಷ್ಟಿಯಿಂದ ನೋಡಿದರೆ ಗೆದ್ದರು. ವಿದ್ಯಾವಂತರಾದ ನಮ್ಮಲ್ಲಿ ಎಷ್ಟು ಜನ, ನಾವು ಅಕ್ಷರ ಕಲಿಸಿದವರಿಂದ ತಿರುಗಿ ಏನನ್ನಾದರೂ ಕಲಿತಿದ್ದೇವೆ? ಅಬೆಯೊಕುಟದ ಹಿರಿಯಕ್ಕನ ಚರಿತ್ರೆಯನ್ನು ಓದಿ ಮುಗಿಸಿದ ಮೇಲೆ, ಜೀವಮಾನವೆಲ್ಲ ಉಪಾಧ್ಯಾಯನಾಗಿದ್ದ ನನ್ನೊಳಗೆ ಉಳಿದ ಪ್ರಶ್ನೆ ಇದೊಂದೇ.